ರಾತ್ರಿ ಕೇಳಿದ್ದನ್ನು ಬೆಳಿಗ್ಗೆ ಓದುವುದು: ಕಬಿನಿಯಲ್ಲಿ ಒಂದು ರಾತ್ರಿ

ಪ್ರಶ್ನೆ: ನಾವು ತುಮಕೂರಿನವರು. ನಾನು, ನಮ್ಮ ಯಜಮಾನರು, ಒಂಬತ್ತು ಮತ್ತು ಹದಿನಾಲ್ಕು ವರ್ಷದ ಮಕ್ಕಳು, ಅರವತ್ತೆಂಟು ವರ್ಷದ ನಮ್ಮತ್ತೆ. ಹೋದ ವರ್ಷ ಒಂದೇ ದಿನದಲ್ಲಿ ಸಫಾರಿಗೆ ಹೋಗಿ ಬಂದೆವು. ಜಿಂಕೆ, ನವಿಲು ಬಿಟ್ಟರೆ ಏನೂ ಕಾಣಲಿಲ್ಲ. ಈ ಬೇಸಿಗೆಯಲ್ಲಿ ಕಬಿನಿ ಕಡೆ ಒಂದು ರಾತ್ರಿ ತಂಗಬೇಕು ಅಂತಿದ್ದೇವೆ. ರಾತ್ರಿ ಉಳಿದರೆ ನಿಜವಾಗಿಯೂ ಜಾಸ್ತಿ ಪ್ರಾಣಿ ಕಾಣುತ್ತವಾ? ರಾತ್ರಿ ಜೀಪಿನಲ್ಲಿ ಲೈಟ್ ಬಿಟ್ಟು ತೋರಿಸುವವರು ಇದ್ದಾರೆ, ಮಾತಾಡಿಸಿ ಕೊಡುತ್ತೇನೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹೋಗಬಹುದಾ? ಮರುದಿನ ಹಾಗೇ ವಯನಾಡಿಗೆ ದಾಟುವ ಯೋಚನೆಯೂ ಇದೆ. ಇನ್ನೊಂದು, ಬೈನಾಕ್ಯುಲರ್ ಕೊಳ್ಳಬೇಕಾ?

ಉತ್ತರ: ಮೊದಲು ಆ ಜೀಪಿನ ವಿಷಯ ಮುಗಿಸಿಬಿಡೋಣ. ಹೋಗಬೇಡಿ. ನಮ್ಮ ಹುಲಿ ಕಾಡುಗಳಲ್ಲಿ ರಾತ್ರಿ ಸಫಾರಿ ಅನ್ನುವುದೇ ಇಲ್ಲ. ಅನುಮತಿ ಇಲ್ಲದೆ ರಾತ್ರಿ ಕಾಡಿನ ದಾರಿಗೆ ಇಳಿಯುವುದು, ಪ್ರಾಣಿಯ ಮುಖಕ್ಕೆ ಲೈಟ್ ಬಿಟ್ಟು ಗೋಳು ಹೊಯ್ದುಕೊಳ್ಳುವುದು, ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು. ಸಿಕ್ಕಿಬಿದ್ದರೆ ಗಾಡಿಯವನ ಜೊತೆ ನಿಮ್ಮ ಹೆಸರೂ ಬರೆದುಕೊಳ್ಳುತ್ತಾರೆ. ಅದು ಕಾನೂನಿನ ಮಾತಾಯಿತು. ನನ್ನ ಮಾತು ಬೇರೆ. ಲೈಟ್ ಬಿದ್ದ ಜಿಂಕೆ ಕಣ್ಣು ಕತ್ತಲಾಗಿ ನಿಂತಲ್ಲೇ ನಿಲ್ಲುತ್ತದೆ. ನೀವು ಅಲ್ಲಿಂದ ಹೊರಟ ಮೇಲೂ ಸ್ವಲ್ಪ ಹೊತ್ತು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಪೊದೆ ಹಿಂದೆ ಕಾಯುತ್ತಿರುವ ಚಿರತೆಗೆ ಅಷ್ಟು ಸಾಕು. ನಿಮಗೆ ಸಿಗುವುದಾದರೂ ಏನು? ದೂರದಲ್ಲಿ ಮಿಣುಕುವ ಎರಡು ಕಣ್ಣು. ಗಾಡಿಯವನು 'ಹುಲಿ ಮೇಡಂ ಹುಲಿ' ಅನ್ನುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಅದು ಕಡವೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಇಪ್ಪತ್ತೆರಡು ವರ್ಷ ಪ್ರವಾಸಿಗಳ ಜೀಪಿನ ಮುಂದಿನ ಸೀಟಿನಲ್ಲಿ ಕೂತವನು ನಾನು. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕ ಇಲ್ಲ. ರಾತ್ರಿ ತಂಗಿದರೆ ರಾತ್ರಿ ಹೊತ್ತು ಪ್ರಾಣಿ ಕಾಣುವುದು ಕಡಿಮೆಯೇ. ಆದರೂ ತಂಗಿ ಅಂತಲೇ ಹೇಳುತ್ತೇನೆ. ಯಾಕೆ ಅಂದರೆ, ಬೆಳಿಗ್ಗೆ ಬಂದು ಸಂಜೆ ಹೋದವರಿಗೆ ಕಾಡು ಅಂದರೆ ಬಿಡಿ ಬಿಡಿ ಚಿತ್ರ. ರಾತ್ರಿ ಉಳಿದವರಿಗೆ ಸಂಜೆ ಕಂಡದ್ದು, ಕತ್ತಲಲ್ಲಿ ಕೇಳಿದ್ದು, ಬೆಳಿಗ್ಗೆ ನೆಲದ ಮೇಲೆ ಮೂಡಿದ್ದು ಎಲ್ಲ ಸೇರಿ ಒಂದು ಕತೆಯಾಗುತ್ತದೆ. ಆ ಕತೆ ಹಿಡಿಯಲು ಗೊತ್ತಾದರೆ ಹುಲಿ ಕಾಣದಿದ್ದರೂ ದುಡ್ಡು ದಂಡ ಅನ್ನಿಸುವುದಿಲ್ಲ. ಅದನ್ನು ಹಿಡಿಯುವುದು ಹೇಗೆ ಅನ್ನುವುದೇ ಈ ಉತ್ತರದ ಮುಕ್ಕಾಲು ಪಾಲು.

ಕಬಿನಿ ಒಳ್ಳೆಯ ಆಯ್ಕೆ, ಅದೂ ಬೇಸಿಗೆಗೆ. ಕಾರಣ ಹೇಳುತ್ತೇನೆ. 1974ರಲ್ಲಿ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗಿಯಿತು. ಹಿನ್ನೀರು ಬಂಡೀಪುರ ಮತ್ತು ನಾಗರಹೊಳೆ ಕಾಡುಗಳ ನಡುವೆ ಚಾಚಿಕೊಂಡಿತು. ಫೆಬ್ರವರಿ ಕಳೆದ ಮೇಲೆ ನೀರು ಇಳಿಯುತ್ತಾ ಹೋಗುತ್ತದೆ. ಇಳಿದ ಜಾಗದಲ್ಲಿ ಮೆಕ್ಕಲು ಮಣ್ಣು, ಅದರ ಮೇಲೆ ಎಳೆ ಹುಲ್ಲು. ಆ ಹೊತ್ತಿಗೆ ಒಳಗಿನ ಕಾಡಿನಲ್ಲಿ ತೇಗ, ಮತ್ತಿ, ದಿಂಡಿಗ ಎಲೆ ಉದುರಿಸಿ ಬೋಳಾಗಿರುತ್ತವೆ. ಕೆರೆಗಳು ಬತ್ತಿರುತ್ತವೆ. ಮೇವು, ನೀರು ಎರಡೂ ಒಂದೇ ಕಡೆ ಸಿಕ್ಕರೆ ಆನೆ ಬರದೆ ಇರುತ್ತದಾ? ಮಾರ್ಚ್‌ನಿಂದ ಮೇ ತನಕ ಹಿನ್ನೀರಿನ ದಡದಲ್ಲಿ ಸೇರುವಷ್ಟು ಆನೆ ಏಷ್ಯಾದಲ್ಲೇ ಬೇರೆ ಕಡೆ ನೋಡಸಿಗುವುದು ಅಪರೂಪ. 2023ರ ಗಣತಿಯಲ್ಲಿ ನಮ್ಮ ರಾಜ್ಯದ ಆನೆಗಳ ಅಂದಾಜು 6,395. ಇಡೀ ದೇಶದಲ್ಲಿ ಅತಿ ಹೆಚ್ಚು ನಮ್ಮಲ್ಲೇ.

ಇಲ್ಲೊಂದು ಹಳೇ ಮಾತು ಹೇಳಬೇಕು. ಕಬಿನಿ ದಡದ ಈ ಕಾಕನಕೋಟೆ ಕಾಡಿನಲ್ಲೇ ಹಿಂದೆ ಖೆಡ್ಡಾ, ಅಂದರೆ ಕಾಡಾನೆ ಹಿಡಿಯುವುದು, ನಡೆಯುತ್ತಿತ್ತು. ತಮಟೆ ಬಡಿದು, ಬೆಂಕಿ ತೋರಿಸಿ, ಆನೆ ಹಿಂಡನ್ನು ನದಿಗೆ ಇಳಿಸಿ ದಿಮ್ಮಿಯ ಬೇಲಿಯೊಳಗೆ ಕೂಡುತ್ತಿದ್ದರು. ಅತಿಥಿಗಳು ಅಟ್ಟಣೆ ಮೇಲೆ ಕೂತು ನೋಡುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಆಮೇಲೆ ನೀರು ಬಂತು. ನೀವು ದೋಣಿಯಲ್ಲಿ ಕೂತು ಆನೆ ನೋಡುವ ಹೊತ್ತಿಗೆ ಅತ್ತೆಯವರಿಗೆ ಇದನ್ನು ಹೇಳಿ. ಅವರ ವಯಸ್ಸಿನವರಿಗೆ ಖೆಡ್ಡಾ ಅನ್ನುವ ಶಬ್ದ ಗೊತ್ತಿರುತ್ತದೆ.

ಅತ್ತೆಯವರ ಮಾತು ಬಂತಲ್ಲ, ಅವರಿಗೆ ದೋಣಿ ಸಫಾರಿಯೇ ಸರಿ. ಜೀಪಿನ ಹಿಂದಿನ ಸೀಟು ಹಳ್ಳದಲ್ಲಿ ಎತ್ತಿ ಹಾಕುತ್ತದೆ, ಸೊಂಟ ಹಿಡಿದುಕೊಂಡರೆ ಎರಡು ದಿನ ಹಾಳು. ದೋಣಿಯಲ್ಲಿ ಅಲುಗಾಟ ಕಡಿಮೆ. ದಡದ ಆನೆ, ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಅದೃಷ್ಟ ಇದ್ದರೆ ನೀರುನಾಯಿ ಕುಟುಂಬ, ಮುಳುಗಿ ಸತ್ತ ಮರಗಳ ಬೋಳು ಕೊಂಬೆಯಲ್ಲಿ ರೆಕ್ಕೆ ಹರಡಿ ಕೂತ ನೀರುಕಾಗೆ, ಇಷ್ಟು ಸಲೀಸಾಗಿ ಸಿಗುತ್ತದೆ. ಟೋಪಿ ಮರೆಯಬೇಡಿ, ನೀರಿನ ಮೇಲೆ ಬಿಸಿಲು ಎರಡು ಪಟ್ಟು. ಜೀಪಿಗೆ ಅವರೂ ಬರುತ್ತೇನೆ ಅಂದರೆ ಡ್ರೈವರ್ ಹಿಂದಿನ ಮೊದಲ ಸಾಲು ಕೇಳಿ. ಎರಡೂವರೆ ಮೂರು ಗಂಟೆ ಕೆಳಗೆ ಇಳಿಯುವ ಹಾಗಿಲ್ಲ, ಅದನ್ನೂ ಮೊದಲೇ ಹೇಳಿ.

ಈಗ ಹುಲಿ. ಕೇಳಲಿಲ್ಲ ನೀವು, ಆದರೆ ಮನಸ್ಸಿನಲ್ಲಿರುವುದು ಅದೇ ಅಲ್ವಾ? 2022ರ ಅಂದಾಜಿನಲ್ಲಿ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿ. ನಾಗರಹೊಳೆ ಸುಮಾರು 643 ಚದರ ಕಿಲೋಮೀಟರ್. ಲೆಕ್ಕ ಹಾಕಿದರೆ ಹುಲಿ ಕಾಲಿಗೆ ತೊಡರಬೇಕು. ಆದರೆ ಸಫಾರಿ ದಾರಿಗಳು ಇರುವುದು ಕಾಡಿನ ಒಂದು ಮೂಲೆಯಲ್ಲಿ. ಆ ಮೂಲೆಯಲ್ಲೂ ದಾರಿಯ ಎರಡು ಕಡೆ ನಿಮಗೆ ಕಾಣುವುದು ಇಪ್ಪತ್ತು ಮೂವತ್ತು ಅಡಿ, ಅದರಾಚೆ ಲಂಟಾನದ ಪೊದೆ. ಮೇಲಾಗಿ ಹುಲಿಗೆ ದಿನಾ ಓಡಾಡುವ ದರ್ದಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ 91 ಕಿಲೋ ಮೇಲೆ ಬಂತು, ಚಿರತೆಯದು 38ರ ಹತ್ತಿರ. ಅಂದರೆ ಹುಲಿಗೆ ಬೇಕಾದ್ದು ಕಾಟಿ (ಕಾಡುಕೋಣ), ಕಡವೆಯಂಥ ದೊಡ್ಡ ಪ್ರಾಣಿ. ಅಂಥದ್ದೊಂದನ್ನು ಕೆಡವಿದರೆ ನಾಲ್ಕೈದು ದಿನ ಅದರ ಪಕ್ಕದಲ್ಲೇ ತಿಂದು ಮಲಗಿರುತ್ತದೆ. ವಾರಕ್ಕೊಂದು ಬೇಟೆಯಾದರೆ ಅದರ ಸಂಸಾರ ನಡೆಯುತ್ತದೆ. ನೀವು ಹೋದ ದಿನ ಅದು ಹೊಟ್ಟೆ ತುಂಬಿದ ದಿನವಾಗಿದ್ದರೆ ಮುಗಿಯಿತು.

ಕಬಿನಿಯ ಕರಿ ಚಿರತೆಗಾಗಿಯೇ ಬರುವವರೂ ಇದ್ದಾರೆ. ಅದೇನೂ ಬೇರೆ ಜಾತಿ ಅಲ್ಲ, ನಮ್ಮ ಚಿರತೆಯೇ. ಓರೆ ಬಿಸಿಲು ಬಿದ್ದರೆ ಕಪ್ಪಿನೊಳಗೆ ಚುಕ್ಕೆಗಳೂ ಕಾಣುತ್ತವೆ. ಅದರ ಫೋಟೋಗೆ ಅಂತ ಹತ್ತು ದಿನ ಬೀಡುಬಿಟ್ಟು ಬರಿಗೈಯಲ್ಲಿ ಹೋದವರನ್ನು ಕಂಡಿದ್ದೇನೆ. ಮಕ್ಕಳಿಗೆ ಅದರ ಆಸೆ ಹುಟ್ಟಿಸಬೇಡಿ.

ಹಾಗಾದರೆ ರಾತ್ರಿ ಏನು ಮಾಡಬೇಕು? ವರಾಂಡದಲ್ಲಿ ಕೂರಬೇಕು. ಸುಮ್ನೆ. ಕೇಳಲು ಬೇಸರ ಅನ್ನಿಸುತ್ತದೆ, ಗೊತ್ತು. ಊಟ ಎಂಟಕ್ಕೆ ಮುಗಿಸಿ, ಕೋಣೆಯ ದೀಪ ಆರಿಸಿ, ಹತ್ತೂವರೆ ತನಕ ಕೂತು ನೋಡಿ. ಮೊದಲ ಕಾಲು ಗಂಟೆ ಮಕ್ಕಳು ಮಿಸುಕಾಡುತ್ತಾರೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ನಡುವೆ ಒಂದು ಸಲ ಮೊಬೈಲ್ ಬೆಳಗಿಸಿದರೆ ಮತ್ತೆ ಮೊದಲಿನಿಂದ. ಇಪ್ಪತ್ತು ನಿಮಿಷ ಕಳೆದ ಮೇಲೆ ಒಂದೊಂದೇ ಶಬ್ದ ಬೇರೆ ಬೇರೆಯಾಗಿ ಕೇಳತೊಡಗುತ್ತದೆ.

ಚಕ್-ಚಕ್-ಚಕ್‌ರ್‌ರ್ ಅಂತ ಕಲ್ಲು ಪುಟಿದು ಉರುಳಿದ ಹಾಗೆ ಕೇಳಿದರೆ ಅದು ನತ್ತಿಂಗ, ನೆಲದ ಮೇಲೆ ಕೂರುವ ಇರುಳು ಹಕ್ಕಿ. ನೀರಿನ ಕಡೆಯಿಂದ ಮಡಕೆಯೊಳಗೆ ಬಾಯಿಟ್ಟು ಊದಿದಂತೆ 'ಬೂಂ' ಅಂದರೆ ಮೀನುಗೂಬೆ. ಟಿಟ್ಟಿಭ ಹಕ್ಕಿ ರಾತ್ರಿಯೂ ನಿದ್ದೆ ಮಾಡುವುದಿಲ್ಲ. ದಡದಲ್ಲಿ ಏನು ನಡೆದು ಹೋದರೂ ಅದು ಕಿರುಚುತ್ತದೆ, ಹಾಗಾಗಿ ಅದನ್ನು ಕಾವಲುಗಾರ ಅಂದುಕೊಳ್ಳಿ. ಮರದಿಂದ ಮರಕ್ಕೆ ಒಂದು ನೆರಳು ತೇಲಿ ಹೋದರೆ ಹಾರುಬೆಕ್ಕು. ಹೆಸರಷ್ಟೇ ಬೆಕ್ಕು, ಅದು ದೊಡ್ಡ ಅಳಿಲು. ಒಣಗಿದ ಎಲೆಯ ಮೇಲೆ ಚರಪರ ಸದ್ದು, ಜೊತೆಗೆ ಮುಳ್ಳು ಅಲುಗಿದ ಗಿಲಿಗಿಲಿ ಬಂದರೆ ಮುಳ್ಳುಹಂದಿ. ಕರಡಿ ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಹಳೇ ನೀರಿನ ಪಂಪು ಗಾಳಿ ಎಳೆದ ಹಾಗೆ. ಮೊದಲ ಸಲ ಕೇಳಿದಾಗ ನಾನು ಯಾರೋ ಮೋಟಾರ್ ಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ಇವು ದಿನನಿತ್ಯದ ಸದ್ದುಗಳು. ಎಚ್ಚರಿಕೆಯ ಕೂಗು ಬೇರೆ. ಅದನ್ನು ಕಲಿತರೆ ಅರ್ಧ ಕಾಡು ಕಲಿತ ಹಾಗೆ. ಜಿಂಕೆ 'ಆಂವ್' ಅಂತ ಚುರುಕಾಗಿ ಕೂಗುತ್ತದೆ. ಆದರೆ ಜಿಂಕೆ ಪುಕ್ಕಲು. ಸೀಳುನಾಯಿಗೂ ಕೂಗುತ್ತದೆ, ಚಿರತೆಗೂ ಕೂಗುತ್ತದೆ, ಕೆಲವು ಸಲ ಅನುಮಾನಕ್ಕೇ ಕೂಗುತ್ತದೆ. ಮುಸುವ 'ಖಕ್, ಖಕ್ಕರ್' ಅಂತ ಕೆಮ್ಮಿದರೆ ಸ್ವಲ್ಪ ನಂಬಬಹುದು, ಅದು ಮರದ ತುದಿಯಿಂದ ನೋಡಿ ಕೂಗುವುದು. ರಾತ್ರಿ ಮುಸುವ ಗಲಾಟೆ ಮಾಡಿದರೆ ನನ್ನ ಮೊದಲ ಅನುಮಾನ ಚಿರತೆ ಮೇಲೆ, ಅದು ಮರ ಹತ್ತುವ ಕಳ್ಳ. ಕಾಡುಕುರಿ, ಹೆಸರು ಕುರಿಯಾದರೂ ಅದು ಸಣ್ಣ ಜಾತಿಯ ಜಿಂಕೆ, ನಾಯಿ ಬೊಗಳಿದ ಹಾಗೆ ನಿಲ್ಲಿಸಿ ನಿಲ್ಲಿಸಿ ಬೊಗಳುತ್ತದೆ. ಇವೆಲ್ಲಕ್ಕಿಂತ ಮೇಲೆ ಕಡವೆ. 'ಢಾಂಕ್' ಅಂತ ಒಂದೇ ಪೆಟ್ಟು, ಎದೆಗೆ ತಾಗುವ ಹಾಗೆ. ಕಡವೆ ಸುಮ್ಮಸುಮ್ಮನೆ ಕೂಗುವುದಿಲ್ಲ. ಕೂಗು ಒಂದೇ ಜಾಗದಿಂದ ಬರುತ್ತಿದ್ದರೆ ಬೇಟೆಗಾರ ಕೂತಿದ್ದಾನೆ. ಬೇರೆ ಬೇರೆ ಪ್ರಾಣಿಗಳ ಕೂಗು ಎಡದಿಂದ ಬಲಕ್ಕೆ ಸರಿಯುತ್ತಾ ಹೋದರೆ ನಡೆಯುತ್ತಿದ್ದಾನೆ.

ಒಂದು ಮೋಸ ಇದೆ, ಅದನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಗಂಡು ಜಿಂಕೆಗಳು ಬೆದೆಗೆ ಬಂದು ಮುಂಜಾವ, ಮುಸ್ಸಂಜೆ ಗೊಗ್ಗರು ದನಿಯಲ್ಲಿ ಅರಚುತ್ತವೆ. ಹೊಸಬರು ಹುಲಿ ಅಂತ ಎದ್ದು ಕೂರುತ್ತಾರೆ. ನಿಜವಾದ ಹುಲಿಯ ಕೂಗು ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ನಿಶ್ಶಬ್ದ ರಾತ್ರಿಯಲ್ಲಿ ಅದು ಮೂರು ಕಿಲೋಮೀಟರ್ ತನಕ ಕೇಳುತ್ತದೆ, ಆದ್ದರಿಂದ ಗಾಬರಿ ಬೇಡ. ಚಿರತೆಯದ್ದಾದರೆ ಗರಗಸದಲ್ಲಿ ಮರ ಕೊಯ್ದ ಹಾಗೆ, ಎಳೆದು ಬಿಟ್ಟು, ಎಳೆದು ಬಿಟ್ಟು.

ಕೇಳಿದ್ದನ್ನು ಬರೆದಿಟ್ಟುಕೊಳ್ಳಿ. ಗಂಟೆ, ಯಾವ ದಿಕ್ಕು, ಎಷ್ಟು ಸಲ. ಇದು ಮಕ್ಕಳ ಕೆಲಸ. ಕೆಲವು ವರ್ಷದ ಹಿಂದೆ ಚಳಿಗಾಲದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಬಂದಿದ್ದಳು. ಬೆಳಿಗ್ಗೆ ಜೀಪ್ ಹತ್ತುವಾಗ ನನ್ನ ಕೈಗೆ ಹರಿದ ಬಿಸ್ಕತ್ ಪೊಟ್ಟಣ ಕೊಟ್ಟಳು. ಹಿಂಬದಿಯಲ್ಲಿ ಬರೆದಿತ್ತು: 'ಮೂರು ನಲವತ್ತು. ಢಾಂಕ್. ನೀರಿನ ಕಡೆ. ಹನ್ನೊಂದು ಸಲ. ಆಮೇಲೆ ದೂರ.' ನಾನು ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದೆ. ಡ್ರೈವರ್ ಅದನ್ನು ಓದಿ ತಲೆ ಕೆರೆದುಕೊಂಡು, ಎಂದಿನ ದಾರಿ ಬಿಟ್ಟು ಹಿನ್ನೀರಿನ ಪಕ್ಕದ ದಾರಿ ಹಿಡಿದ. ಒಂದು ಕಿಲೋಮೀಟರ್ ಹೋಗಿರಬೇಕು, ನಿಲ್ಲಿಸಿದ. ಹಿಂದಿನ ಸಂಜೆ ನಮ್ಮದೇ ಜೀಪಿನ ಟೈರಿನ ಗುರುತು ಮಣ್ಣಿನ ಮೇಲೆ ಹಾಗೇ ಇತ್ತು. ಅದರ ಮೇಲೆ, ಟೈರಿನ ಗೆರೆಗಳನ್ನು ಒತ್ತಿ ಅಳಿಸಿ, ಹುಲಿಯ ಹೆಜ್ಜೆ. ಅಂದರೆ ನಾವು ಹೋದ ಮೇಲೆ ಬಂದದ್ದು. ಹೆಜ್ಜೆಯ ಮೇಲೆ ಇಬ್ಬನಿ ಉದುರಿದ ಚುಕ್ಕೆಗಳಿದ್ದವು. ಅಂದರೆ ಈಗಷ್ಟೇ ನಡೆದದ್ದಲ್ಲ, ಕತ್ತಲಿದ್ದಾಗಲೇ ಹೋಗಿದೆ. ನೂರಿನ್ನೂರು ಮೀಟರ್ ಹೆಜ್ಜೆ ಹಿಂಬಾಲಿಸಿದೆವು. ಒಂದು ಕಡೆ ಲಂಟಾನದೊಳಗೆ ಇಳಿದು ಹೋಗಿತ್ತು.

ಹುಲಿ ಕಾಣಲಿಲ್ಲ. ಅದೇ ಜೀಪಿನಲ್ಲಿ ಮಾರುದ್ದ ಲೆನ್ಸ್ ಹಿಡಿದು ಕೂತಿದ್ದ ಇಬ್ಬರು ಇಡೀ ದಾರಿ ಮುಖ ಊದಿಸಿಕೊಂಡಿದ್ದರು. ಆ ಹುಡುಗಿ ಮಾತ್ರ ತಿಂಡಿ ಹೊತ್ತಿಗೆ ಊಟದ ಮನೆಯಲ್ಲಿದ್ದವರಿಗೆಲ್ಲ 'ನನ್ನ ಹುಲಿ' ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಉಪ್ಪಿನ ಡಬ್ಬಿ, ಚಮಚ ಇಟ್ಟು ನಕಾಶೆ ಮಾಡಿ ತೋರಿಸುತ್ತಿದ್ದಳು.

ಹೆಜ್ಜೆ ಓದುವುದು ಕಷ್ಟವೇನಲ್ಲ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ, ಹಾಗಾಗಿ ಹುಲಿ, ಚಿರತೆ ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದಿಲ್ಲ. ಸೀಳುನಾಯಿಯದ್ದರಲ್ಲಿ ಇರುತ್ತದೆ. ಗಂಡು ಹುಲಿಯ ಹೆಜ್ಜೆ ಹೆಚ್ಚುಕಡಿಮೆ ಚೌಕ, ಹೆಣ್ಣಿನದು ಸ್ವಲ್ಪ ಉದ್ದ. ಸಫಾರಿಯಲ್ಲಿ ಇದನ್ನೆಲ್ಲ ಜೀಪಿನಲ್ಲಿ ಕೂತೇ ನೋಡಬೇಕು, ಇಳಿಯುವ ಮಾತಿಲ್ಲ. ಆದರೆ ನೀವು ತಂಗುವ ಜಾಗದ ಬೇಲಿಯಂಚಿಗೆ, ಊರ ದಾರಿಗೆ ರಾತ್ರಿ ಆನೆ ಬಂದು ಹೋಗಿರುತ್ತದೆ. ಬೆಳಕು ಹರಿದ ಮೇಲೆ, ಅಲ್ಲಿಯ ಕೆಲಸದವರನ್ನು ಜೊತೆಗೆ ಕರೆದುಕೊಂಡು, ಒಂದು ದಾರ ಹಿಡಿದು ಹೋಗಿ. ಮುಂಗಾಲಿನ ದುಂಡನೆ ಹೆಜ್ಜೆಯ ಸುತ್ತಳತೆ ತೆಗೆದು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆ ಆನೆಯ ಭುಜದ ಎತ್ತರ. ಸುತ್ತಳತೆ 1.3 ಮೀಟರ್ ಬಂದರೆ ಎತ್ತರ 2.6 ಮೀಟರ್ ಸುಮಾರು, ಗಂಡಿರಬೇಕು. ಹಿಂಗಾಲಿನ ಹೆಜ್ಜೆ ಸ್ವಲ್ಪ ಉದ್ದುದ್ದ, ಅದನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಹದಿನಾಲ್ಕು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಹೋಂವರ್ಕ್ ಇಲ್ಲ.

ಟಾರ್ಚ್ ವಿಷಯ. ಕಾಲಡಿ ನೋಡಿಕೊಳ್ಳಲು ಇರಲಿ. ಹಾವು, ಚೇಳು ಇರುವ ಜಾಗ. ಆದರೆ ಸದ್ದು ಬಂದ ಕಡೆ ಬಿಡಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಬುದ್ಧಿಗೇಡಿತನ ಮಾಡಿದ್ದೇನೆ. ಬಿದಿರು ಮುರಿಯುವ ಸದ್ದು ಬಂತು, ಬಿಟ್ಟೆ. ಇಪ್ಪತ್ತು ಅಡಿ ದೂರದಲ್ಲಿ ಒಂಟಿ ಸಲಗ. ಅದು ಬಂದ ರಭಸಕ್ಕೆ ಬೇಲಿ, ನೀರಿನ ಪೈಪು ಎರಡೂ ಹೋದವು. ನಾನು ಬಚ್ಚಲು ಮನೆಯಲ್ಲಿ ಬೆಳಗಿನ ತನಕ ಕೂತಿದ್ದೆ. ತಪ್ಪು ನನ್ನದೇ, ಸಲಗ ಅದರ ಪಾಡಿಗೆ ಊಟ ಮಾಡುತ್ತಿತ್ತು.

ತಂಗುವ ಜಾಗ ಆರಿಸುವಾಗ ಈಜುಕೊಳ ಇದೆಯಾ ಅಂತ ಕೇಳುವ ಬದಲು, ರಾತ್ರಿ ದೀಪ ಎಷ್ಟು ಹೊತ್ತಿಗೆ ಆರಿಸುತ್ತೀರಿ, ಸ್ಪೀಕರ್ ಹಾಕುತ್ತೀರಾ ಅಂತ ಕೇಳಿ. ನಾನೊಮ್ಮೆ ಅತಿಥಿಯಾಗಿ ಹೋದ ಕಡೆ ಕ್ಯಾಂಪ್‌ಫೈರ್ ಹೆಸರಲ್ಲಿ ಹನ್ನೊಂದರ ತನಕ ಹಾಡು, ಕುಣಿತ. ದುಡ್ಡು ಕೊಟ್ಟು ಕಾಡಿಗೆ ಬಂದು ಮದುವೆ ಮನೆಯಲ್ಲಿ ಮಲಗಿದ ಹಾಗಾಯಿತು. ಸರ್ಕಾರದ ಜಂಗಲ್ ಲಾಡ್ಜಸ್‌ನಲ್ಲಿ ಸಾಮಾನ್ಯವಾಗಿ ವಾಸ, ಊಟ, ಸಫಾರಿ ಒಟ್ಟಿಗೆ ಸೇರಿರುತ್ತದೆ. ಖಾಸಗಿ ರೆಸಾರ್ಟಿನಲ್ಲಿ ಉಳಿದರೂ ಕಾಡೊಳಗೆ ಹೋಗುವುದು ಅನುಮತಿ ಇರುವ ಗಾಡಿಯಲ್ಲೇ, ನಿಮ್ಮ ಕಾರು ನಡೆಯುವುದಿಲ್ಲ. ಅರಣ್ಯ ಇಲಾಖೆಯ ಬಸ್ ದಮ್ಮನಕಟ್ಟೆಯಿಂದ ಹೊರಡುತ್ತದೆ, ಖರ್ಚು ಕಡಿಮೆ. ದುಡ್ಡು ಕೊಡುವ ಮುನ್ನ ಸಫಾರಿ ನಡೆಯುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ. 2025ರ ನವೆಂಬರ್‌ನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯಕ್ಕೂ ಕೆಲವು ದಾರಿ ಮುಚ್ಚುವುದುಂಟು.

ದಿನ ಆರಿಸುವ ಅವಕಾಶ ಇದ್ದರೆ ಹುಣ್ಣಿಮೆಗೆ ಮೂರು ನಾಲ್ಕು ದಿನ ಮುಂಚೆ ಹೋಗಿ. ಆಗ ಸೂರ್ಯ ಮುಳುಗುವಾಗಲೇ ಚಂದ್ರ ಮೇಲಿರುತ್ತಾನೆ, ನೀವು ಮಲಗುವ ತನಕ ಬೆಳದಿಂಗಳು. ಹುಣ್ಣಿಮೆ ಕಳೆದ ಮೇಲೆ ಹೋದರೆ ಚಂದ್ರ ತಡವಾಗಿ ಹುಟ್ಟುತ್ತಾನೆ, ಅಷ್ಟರಲ್ಲಿ ಮಕ್ಕಳು ನಿದ್ದೆ. ಏಪ್ರಿಲ್‌ನಲ್ಲಿ ಒಂದೆರಡು ದೊಡ್ಡ ಮಳೆ ಬಿದ್ದಿದ್ದರೆ ಲೆಕ್ಕ ಬದಲಾಗುತ್ತದೆ. ಕಾಡೊಳಗೆ ಹಳ್ಳ ಕೊಳ್ಳಗಳಲ್ಲಿ ನೀರು ನಿಂತು ಪ್ರಾಣಿಗಳು ಚೆದುರುತ್ತವೆ. ಹಾಗಾಗಿ ಮಾರ್ಚ್ ಕೊನೆ ನನಗೆ ಇಷ್ಟ, ಆದರೆ ನಿಮಗೆ ಪರೀಕ್ಷೆ ಅಡ್ಡ ಬರುತ್ತದೆ.

ಬೇರೆ ದೇಶಗಳಲ್ಲಿ ರಾತ್ರಿಯಿಡೀ ಪ್ರಾಣಿ ತೋರಿಸುತ್ತಾರಲ್ಲ, ನಮ್ಮಲ್ಲೇಕಿಲ್ಲ ಅಂತ ಮಕ್ಕಳು ಕೇಳಬಹುದು. ನಿಜ. ನಮೀಬಿಯಾದ ಎಟೋಶಾದಲ್ಲಿ ಒಕೌಕುಯೆಜೊ ಅನ್ನುವ ತಂಗುದಾಣದ ಪಕ್ಕದ ನೀರಿನ ಹೊಂಡಕ್ಕೆ ರಾತ್ರಿ ದೀಪ ಹಾಕಿರುತ್ತಾರೆ. ಜನ ಗೋಡೆಯ ಈಚೆ ಬೆಂಚಿನ ಮೇಲೆ ಕೂತಿರುತ್ತಾರೆ, ಕಪ್ಪು ಘೇಂಡಾಮೃಗಗಳು ಬಂದು ನೀರು ಕುಡಿದು ಹೋಗುತ್ತವೆ. ಕೆನ್ಯಾದ ಅಬರ್ಡೇರ್ ಕಾಡಿನಲ್ಲಿ 1932ರಲ್ಲೇ ಮರದ ಮೇಲೆ ಟ್ರೀಟಾಪ್ಸ್ ಅನ್ನುವ ಮನೆ ಕಟ್ಟಿದ್ದರು. 1952ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಅಲ್ಲಿ ಪ್ರಾಣಿ ನೋಡುತ್ತಾ ಕಳೆದ ರಾತ್ರಿಯೇ ಅತ್ತ ಅವರ ತಂದೆ ತೀರಿಕೊಂಡರು. ಆ ರಾತ್ರಿ ಅಲ್ಲಿ ಜೊತೆಗಿದ್ದವರಲ್ಲಿ ನಮ್ಮ ಕುಮಾವೂಂ ಕಾಡಿನ ಜಿಮ್ ಕಾರ್ಬೆಟ್ ಒಬ್ಬರು. ಆದರೆ ಎಟೋಶಾ ಒಣ ಬಯಲು. ಮೈಲಿಗಟ್ಟಲೆ ನೀರಿಲ್ಲ, ಇರುವ ಹೊಂಡಕ್ಕೆ ಎಲ್ಲವೂ ಬರಲೇಬೇಕು. ನಮ್ಮದು ಪೊದೆ ಕಾಡು, ಸುತ್ತ ಊರು, ಕಾಡುಜನರ ಹಾಡಿ, ಹೊಲ. ರಾತ್ರಿ ಆನೆ ಒಂದು ಕಡೆ ಬೆದರಿದರೆ ಇನ್ನೊಂದು ಕಡೆ ಯಾರದೋ ರಾಗಿ ಹೊಲದಲ್ಲಿ ಇರುತ್ತದೆ. ಆ ರೈತ ಆಗಲೇ ಅಟ್ಟಣೆ ಮೇಲೆ ನಿದ್ದೆಗೆಟ್ಟು ಕೂತಿರುತ್ತಾನೆ.

ಒಂದು ರಾತ್ರಿ ಸಾಕಾ, ಎರಡು ಬೇಕಾ? ಕೈಲಾದರೆ ಎರಡು. ಒಂದೇ ಆದರೆ ಮಧ್ಯಾಹ್ನ ಹನ್ನೆರಡರ ಒಳಗೆ ತಲುಪಿ, ಸಂಜೆ ಜೀಪು ಹಿಡಿಯಿರಿ, ರಾತ್ರಿ ವರಾಂಡ, ನಾಲ್ಕೂವರೆಗೆ ಎದ್ದು ಮತ್ತೊಮ್ಮೆ ಕಿವಿಗೊಡಿ, ಬೆಳಿಗ್ಗೆ ದೋಣಿ ಇದ್ದರೆ ದೋಣಿ. ನಡುರಾತ್ರಿಗಿಂತ ಈ ನಾಲ್ಕೂವರೆಯಿಂದ ಆರರ ಹೊತ್ತೇ ಹೆಚ್ಚು ಬೆಲೆಯದ್ದು. ಬೇಟೆ ಮುಗಿಸಿದವು ಮನೆಗೆ ಹೋಗುವ ಹೊತ್ತು, ಹಗಲಿನವು ಏಳುವ ಹೊತ್ತು. ಎರಡು ಪಾಳಿಯೂ ಒಟ್ಟಿಗೆ ಕೇಳುತ್ತವೆ. ನೀವು ಕೇಳಿದ್ದನ್ನು ಜೀಪಿನವರಿಗೆ, ದೋಣಿಯವರಿಗೆ ಹೊರಡುವ ಮೊದಲೇ ಹೇಳಿ. ಅವರು ನಗುವುದಿಲ್ಲ. ಹಾಡಿಯಿಂದ ಬಂದ ಜೇನುಕುರುಬ ಹುಡುಗರು ಅಲ್ಲಿ ಕೆಲಸಕ್ಕಿದ್ದರೆ ಅವರ ಹತ್ತಿರ ಹೇಳಿ. ನೀವು ಬಾಯಲ್ಲಿ ಮಾಡಿ ತೋರಿಸಿದ ಸದ್ದು ಯಾವುದು ಅಂತ ತಕ್ಷಣ ಹೇಳುತ್ತಾರೆ. ನನ್ನ ಅರ್ಧ ವಿದ್ಯೆ ಅವರಿಂದಲೇ ಬಂದದ್ದು.

ವಯನಾಡಿನ ಮಾತು. ಅಂತರಸಂತೆ ಮೇಲೆ ಹೋಗಿ ಬಾವಲಿಯಲ್ಲಿ ಗಡಿ ದಾಟಿ ಮಾನಂದವಾಡಿ ಸೇರಬಹುದು. ಆ ರಸ್ತೆ ನಾಗರಹೊಳೆ ಕಾಡಿನ ಒಳಗೇ ಹೋಗುತ್ತದೆ. ಸಂಜೆ ಆರಕ್ಕೆ ಗೇಟು ಹಾಕಿದರೆ ಬೆಳಿಗ್ಗೆ ಆರಕ್ಕೇ ತೆಗೆಯುವುದು. ಗುಂಡ್ಲುಪೇಟೆ ಕಡೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಸಂಚಾರ ಬಂದ್. ತಿಂಡಿ ತಿಂದು ಹೊರಟರೆ ನಿಮಗೆ ತೊಂದರೆ ಇಲ್ಲ. ಕಾಡಿನ ನಡುವೆ ಕಾರು ನಿಲ್ಲಿಸಬೇಡಿ, ಕೋತಿಗೆ ಬಾಳೆಹಣ್ಣು ಕೊಡಬೇಡಿ. ಎಷ್ಟೇ ಅರ್ಜೆಂಟ್ ಅಂದರೂ ಇಳಿಯಬೇಡಿ.

ಕೊನೆಗೆ ಬೈನಾಕ್ಯುಲರ್. ಒಂದು ಕೊಳ್ಳಿ, ಎರಡು ಬೇಡ. ಅಂಗಡಿಯವರು 10×25 ಅನ್ನುವ ಪುಟ್ಟದ್ದನ್ನು ತೋರಿಸಿ, ಜಾಸ್ತಿ ದೊಡ್ಡದಾಗಿ ಕಾಣುತ್ತದೆ ಅನ್ನುತ್ತಾರೆ. 8×42 ಕೇಳಿ. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ ನೋಡಿ. 25ನ್ನು 10ರಿಂದ ಭಾಗಿಸಿದರೆ ಎರಡೂವರೆ, 42ನ್ನು 8ರಿಂದ ಭಾಗಿಸಿದರೆ ಐದಕ್ಕೂ ಮೇಲೆ. ಕಣ್ಣಿಗೆ ಬರುವ ಬೆಳಕಿನ ಕಿರಣ ಅಷ್ಟು ಮಿಲಿಮೀಟರ್ ಅಗಲ ಅಂತ ಅರ್ಥ. ಹಗಲಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಂಜೆ ಆರೂವರೆಗೆ ಪುಟ್ಟದ್ದರಲ್ಲಿ ಬರೀ ಮಬ್ಬು, ದೊಡ್ಡದರಲ್ಲಿ ಆನೆ ಮರಿಯ ಕಾಲುಗಳೂ ಕಾಣುತ್ತವೆ. ಕೈ ಅಲುಗಿದರೂ ಎಂಟು ಪಟ್ಟಿನದ್ದು ಅಷ್ಟಾಗಿ ನಡುಗುವುದಿಲ್ಲ. ಅತ್ತೆಯವರು ಕನ್ನಡಕ ಹಾಕುತ್ತಾರಾದರೆ ಕಣ್ಣಿನ ಕಡೆಯ ರಬ್ಬರ್ ಕಪ್ಪುಗಳನ್ನು ಒಳಗೆ ತಿರುಗಿಸಿ, ಕನ್ನಡಕ ತೆಗೆಯದೆಯೇ ನೋಡಬಹುದು. ಕಾಡಿಗೆ ಹೊರಡುವ ವಾರದ ಮೊದಲೇ ಮನೆಯ ಮಹಡಿ ಮೇಲೆ ಅವರ ಕಣ್ಣಿಗೆ ಹೊಂದಿಸಿ ಅಭ್ಯಾಸ ಮಾಡಿಸಿ. ಇಲ್ಲದಿದ್ದರೆ ದೋಣಿಯಲ್ಲಿ ಮಕ್ಕಳು ಕಿತ್ತಾಡುವ ಗಲಾಟೆಯಲ್ಲಿ ಅವರು 'ಇರಲಿ ಬಿಡಮ್ಮ, ಅವರೇ ನೋಡಲಿ' ಅಂದುಬಿಡುತ್ತಾರೆ.